ಹಗೇವಿನೊಳಗಿಂದ ಬಂದ ಉತ್ತರ

ನಮ್ಮ ಪಡಸಾಲೆಗೆ ಸಾಗವಾನಿ ಹಲಗೆಯ ನೆಲ ಬಂದಿತು. ಅದರ ಪರಿಣಾಮವನ್ನು ಅನುಭವಿಸಿದವಳು ಕೂಲಿಗೆ ಬಂದಿದ್ದ ಯಲ್ಲವ್ವ. ಅವಳ ಬಲಗೈಗೆ ಈಗ ರೊಟ್ಟಿ ತಟ್ಟುವ ಶಕ್ತಿಯಿಲ್ಲ. ಒಂದು ವಾಕ್ಯವನ್ನೂ ಅವಳು ತಡೆಯಿಲ್ಲದೆ ಮುಗಿಸಲಾರಳು. ನಾವು ಮಾತ್ರ ಆ ನುಣುಪಾದ ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡುತ್ತೇವೆ.

ಯಾರೂ ಆಡದ ಮಾತು ಕೇಳಿಸಿತೆನ್ನುವವರನ್ನು ನಾನು ಎಂದೂ ನಂಬಿದವಳಲ್ಲ. ಶಾಲೆ ಶಾಲೆಗೆ ಹೋಗಿ ಮೂಢನಂಬಿಕೆಯ ವಿರುದ್ಧ ಮಾತನಾಡುತ್ತ ಬಂದವಳು. ಆದ್ದರಿಂದ ಇದನ್ನು ಬರೆಯಲು ಸಂಕೋಚವಾಗುತ್ತದೆ. ಆದರೂ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ನಮ್ಮದು ಗುಡಗೇರಿಯ ಹಳೆಯ ಮನೆ. ಪಡಸಾಲೆಯ ನಡುವೆ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವು ಇತ್ತು: ಕಲ್ಲಿನ ಕಿರಿದಾದ ಬಾಯಿ, ಕೆಳಗೆ ಗಡಿಗೆಯಂತೆ ಅಗಲವಾಗುವ ನೆಲದೊಳಗಿನ ಕಣಜ. ವರ್ಷಗಟ್ಟಲೆ ಅದನ್ನು ಯಾರೂ ತೆರೆದಿರಲಿಲ್ಲ. ಒಳಗೆ ಕೊಳೆತ ಜೋಳವನ್ನು ತೆಗೆದು ಗರಸು ಮಣ್ಣು ತುಂಬದಿದ್ದರೆ ಹಲಗೆಗೆ ತೇವ ಹತ್ತುತ್ತದೆಂದು ಗುತ್ತಿಗೆದಾರರು ಹೇಳಿದರು.

ಹಗೇವು ತೆರೆದ ಮೇಲೆ ಗಾಳಿಯಾಡಲು ಬಿಡಬೇಕು. ಉರಿಯುವ ದೀಪವನ್ನು ಇಳಿಸಿ ನೋಡಬೇಕು; ದೀಪ ಆರಿದರೆ ಯಾರೂ ಇಳಿಯಬಾರದು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಏಕೆಂಬುದು ನನಗೂ ಗೊತ್ತು: ಮುಚ್ಚಿದ ಹಗೇವಿನಲ್ಲಿ ಕಾಳು ಕೊಳೆತು ಗಾಳಿ ಉಸಿರಾಡಲಾಗದಷ್ಟು ಕೆಡುತ್ತದೆ. ಅಂದು ಗುತ್ತಿಗೆದಾರರು ಮೊಬೈಲಿನ ಟಾರ್ಚು ಹಚ್ಚಿ, ದಾರ ಕಟ್ಟಿ ಇಳಿಬಿಟ್ಟರು.

“ನೋಡ್ರಿ, ತಳಾ ಸೈತ ಅಗದಿ ಲಖ್ಖ ಕಾಣತೈತಿ. ಇನ್ನ ದೀಪಾ ಯಾಕ ಬೇಕ್ರಿ?”

ಕೆಟ್ಟ ಗಾಳಿಯಲ್ಲಿ ಟಾರ್ಚು ಆರುವುದಿಲ್ಲ. ಅಷ್ಟನ್ನು ನಾನು ಹೇಳಲಿಲ್ಲ. ಹಲಗೆ ಕೂರಿಸುವವರು ಹುಬ್ಬಳ್ಳಿಯಿಂದ ಬಂದು ಅಂಗಳದಲ್ಲಿ ಕಾಯುತ್ತಿದ್ದರು. ಬೇಗ ಮುಗಿಯಲಿ ಎಂದು ನನ್ನ ಪತಿ ಅವಸರಪಡಿಸಿದರು. ನನ್ನ ಮೌನ ತಪ್ಪು, ಅವರ ಅವಸರ ತಪ್ಪು. ಯಲ್ಲವ್ವನ ಸೊಂಟಕ್ಕೆ ಹಗ್ಗ ಕಟ್ಟದೆ ಇಳಿಸಿದ್ದು ಇನ್ನೂ ದೊಡ್ಡ ತಪ್ಪು. ಹಗ್ಗವಿದ್ದದ್ದು ಬುಟ್ಟಿಗೆ ಮಾತ್ರ.

“ಒಳಗ ಹೆಗ್ಗಣ ಇದ್ರ ಮದ್ಲ ನಿಮ್ಮ ಕಡೆನ ಕಳಸ್ತೀನ್ರಿ, ಸಾಹೇಬ್ರ,” ಎಂದು ಗುತ್ತಿಗೆದಾರರನ್ನು ಕಿಚಾಯಿಸುತ್ತ ಅವಳು ಏಣಿ ಇಳಿದಳು.

ನಾನು, ನನ್ನ ಪತಿ, ಗುತ್ತಿಗೆದಾರರು ಮೂವರೂ ಬಾಗಿಲ ಬಳಿ ನಿಂತು ಹಲಗೆಯ ಬಣ್ಣ ಆರಿಸತೊಡಗಿದೆವು. ನಡುವೆ ಗುತ್ತಿಗೆದಾರರು ಕೂಗಿದರು: “ಯಲ್ಲವ್ವಾ, ಆರಾಮ ಅದಿಯಿಲ್ಲ ಬೇ?”

“ಆರಾಮ ಅದೀನ್ರಿ. ಗಡಬಡ ಮಾಡಬ್ಯಾಡ್ರಿ.”

ಹಗೇವಿನೊಳಗಿಂದ ಸ್ಪಷ್ಟವಾದ, ತುಸು ಬೇಸರದ ಧ್ವನಿ. ಸ್ವಲ್ಪ ಹೊತ್ತಿನ ಬಳಿಕ ನಾನೇ ಕೇಳಿದೆ. ಅದೇ ಉತ್ತರ ಬಂತು. ಮನಸ್ಸು ಹಗುರವಾಗಿ ಮತ್ತೆ ಬಣ್ಣದ ಮಾತಿಗೆ ತಿರುಗಿದೆ.

ಆಗ, ಹಗೇವಿನ ಬಾಯ ಬಳಿಯೇ ಬುಟ್ಟಿಯ ಹಗ್ಗ ಹಿಡಿದು ಒಳಕ್ಕೆ ಬಗ್ಗಿ ಕುಳಿತಿದ್ದ ಅವಳ ತಂಗಿ ಕಾಶವ್ವ ನಮ್ಮತ್ತ ತಿರುಗಿ ನೋಡಿದಳು.

“ಯಾರ ಕೂಡ ಮಾತಾಡಾಕತ್ತೀರ್ರೀ? ಆಗಿಂದ ಕರ್ಯಾಕತ್ತೀನಿ, ಅಕ್ಕ ಓ ಅನವಲ್ಲಳು!”

ಹಲಗೆಯವರಲ್ಲೊಬ್ಬರು ಸೊಂಟಕ್ಕೆ ಹಗ್ಗ ಬಿಗಿದು, ಉಸಿರು ಹಿಡಿದು ಇಳಿದು ಅವಳನ್ನು ಎತ್ತಿ ತಂದರು. ಏಣಿಯ ಬುಡದಲ್ಲೇ ಬಿದ್ದಿದ್ದಳು. ಬುಟ್ಟಿಯಲ್ಲಿ ಒಂದು ಹಿಡಿ ಜೋಳವೂ ಇರಲಿಲ್ಲ. ಇಳಿದೊಡನೆಯೇ ಪ್ರಜ್ಞೆ ತಪ್ಪಿರಬೇಕೆಂದೂ ಬಹಳ ಹೊತ್ತು ಪ್ರಾಣವಾಯು ಸಿಗದೆ ಮಿದುಳಿಗೆ ಪೆಟ್ಟಾಗಿದೆಯೆಂದೂ ವೈದ್ಯರು ಹೇಳಿದರು. ಏಣಿಯಿಂದ ಕಾಲು ಕೆಳಗಿಟ್ಟ ನಂತರದ್ದು ಯಲ್ಲವ್ವನಿಗೆ ಏನೂ ನೆನಪಿಲ್ಲ.

ಹಾಗಾದರೆ ಉತ್ತರಿಸಿದವರು ಯಾರು? ನಾವು ಕೇಳಬಯಸಿದ್ದೇ ನಮಗೆ ಕೇಳಿಸಿತೆ? ಮೂವರಿಗೂ ಅದೇ ಮಾತು, ಅದೇ ಬೇಸರ ಕೇಳಿಸಿದ್ದು ಹೇಗೆ? ಹತ್ತಿರವಿದ್ದ ಕಾಶವ್ವನಿಗೆ ಕೇಳಿಸದೆ ಹೋದದ್ದು ಹೇಗೆ? ಇಂದಿಗೂ ನನಗೆ ತಿಳಿಯದು. ಆ ಧ್ವನಿ ಬಾರದಿದ್ದರೆ ನಾವು ಬೇಗ ಹೋಗಿ ನೋಡುತ್ತಿದ್ದೆವು ಎಂಬುದಷ್ಟೇ ತಿಳಿದಿದೆ.

ಯಲ್ಲವ್ವನೇ “ಆರಾಮ ಅದೀನ್ರಿ” ಎಂದಳೆಂದು ಗುತ್ತಿಗೆದಾರರೂ ನನ್ನ ಪತಿಯೂ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಾರೆ. ಅವರಿಬ್ಬರನ್ನೂ ಇಲ್ಲಿ ಬಹಿರಂಗವಾಗಿ ಒತ್ತಾಯಿಸುತ್ತೇನೆ: ಆ ವಾಕ್ಯವನ್ನು ಹಿಂಪಡೆಯಿರಿ. ನಿಮಗೆ ಕೇಳಿಸಿದ್ದು ಸುಳ್ಳೆನ್ನುತ್ತಿಲ್ಲ, ನನಗೂ ಕೇಳಿಸಿದೆ. ಆದರೆ ಅದನ್ನು ಹೇಳಿದವಳು ಯಲ್ಲವ್ವನಲ್ಲ. ಆ ಜಾಗದಲ್ಲಿ ಬರೆಯಿರಿ: ದೀಪ ಇಳಿಸಲಿಲ್ಲ, ಹಗ್ಗ ಕಟ್ಟಲಿಲ್ಲ. ನಿಮ್ಮ ಸಹಿಯ ಕೆಳಗೆ ನನ್ನದನ್ನೂ ಹಾಕುತ್ತೇನೆ.