ಎಪ್ಪತ್ತೆರಡು ಸೌಟು, ಒಂದು ಅಗಲ ಪಾತ್ರೆ

ಬೆಳಗಿನ ಐದೂವರೆ. ಬೀದಿ ದೀಪ ಇನ್ನೂ ಆರಿಲ್ಲ, ಹಾಲಿನ ಗಾಡಿ ಈಗಷ್ಟೇ ಹೋಗಿದೆ. ಮೂರನೇ ಮಹಡಿಯ ಪುಟ್ಟ ಮನೆಯೊಂದರ ಅಡುಗೆಮನೆ ಕಿಟಕಿಯ ಕೆಳಗೆ, ನೆಲದ ಮೇಲೆ ಕಾಲು ಚಾಚಿ ಕೂತ ಹೆಂಗಸೊಬ್ಬರು ಸೌಟಿನ ಹಿಡಿಗೆ ತಾಮ್ರದ ತಂತಿ ಸುತ್ತುತ್ತಿದ್ದಾರೆ. ಸುತ್ತುತ್ತಿದ್ದಾರೆ ಅನ್ನುವುದೂ ತಪ್ಪೇ. ತಂತಿ ಹಿಡಿದ ಬಲಗೈ ಅಲ್ಲಾಡುವುದೇ ಇಲ್ಲ. ಎಡಗೈಯಲ್ಲಿ ಸೌಟು ಗಿರಗಿರನೆ ತಿರುಗುತ್ತದೆ, ತಂತಿ ತಾನಾಗಿ ಬಂದು ಒಂದರ ಪಕ್ಕ ಒಂದು ಸಾಲಾಗಿ ಕೂರುತ್ತದೆ. ಮೂರು ಸುತ್ತಿಗೊಮ್ಮೆ ಒಂದು ಮಣಿ ಜಾರಿ ಬಂದು ತನ್ನ ಜಾಗ ಹಿಡಿಯುತ್ತದೆ. ಸಂದರ್ಶನಕ್ಕೆಂದು ಬಂದ ನಾನು ಬಾಗಿಲಲ್ಲೇ ನಿಂತು ನಮಸ್ಕಾರ ಅಂದರೆ ಉತ್ತರವಿಲ್ಲ. ಗೋಡೆಗೆ ಒರಗಿ ಮಣಿ ಆರಿಸುತ್ತಿದ್ದ ಅಜ್ಜಿ ತುಟಿ ಮೇಲೆ ಬೆರಳಿಟ್ಟು, ಕೂತುಕೋ ಅಂತ ಕಣ್ಣಲ್ಲೇ ಚಾಪೆ ತೋರಿಸುತ್ತಾರೆ.

ಎಷ್ಟೋ ಹೊತ್ತಿನ ಮೇಲೆ ಸೌಟಿನ ತುದಿ ನೆಲಕ್ಕೆ ಎರಡು ಸಲ ಬಡಿಯಿತು. ಟಕ್, ಟಕ್. ಅದು ಈ ಮನೆಯ ಕಾನೂನು. ಆ ಸದ್ದು ಬರುವ ತನಕ ಯಾರೂ ತುಟಿ ಪಿಟಕ್ಕೆನ್ನುವ ಹಾಗಿಲ್ಲ, ಬಂದ ಮೇಲೆ ಎಷ್ಟು ಬೇಕಾದರೂ ಹರಟಬಹುದು.

"ಒಂದು ಸೌಟಿಗೆ ನೂರಾನಲವತ್ತು ಸುತ್ತು. ನಡುವೆ ಎಣಿಕೆ ತಪ್ಪಿದ್ರೆ ಪೂರ್ತಿ ಬಿಚ್ಬೇಕು. ಬೇಜಾರಾಗ್ಬೇಡಿ ಮೇಡಂ, ನಮ್ಮನೇಲಿ ಸೊಸೆ ಮಾತಾಡೋ ತನಕ ಅತ್ತೆನೂ ಕಾಯ್ಬೇಕು," ಎಂದು ನಗುತ್ತಾರೆ ಅವರು.

ಬೀದಿಗೆಲ್ಲ ಇವರು ಸೌಟಕ್ಕ. ತರಕಾರಿ ಗಾಡಿಯವನಿಂದ ಹಿಡಿದು ಅಂಚೆಯವನ ತನಕ ಎಲ್ಲರ ಬಾಯಲ್ಲೂ ಅದೇ ಹೆಸರು. ಬಡಿಸುವ ಸೌಟು, ಅಗಲ ಚಮಚ, ಜಾಲರಿ ಸೌಟು, ಕೇಕ್ ಎತ್ತುವ ಚಪ್ಪಟೆ ಸಟ್ಟುಗ, ಯಾವುದನ್ನೇ ಕೊಡಿ, ಅದರ ಹಿಡಿಗೆ ತಂತಿ ಮತ್ತು ಮಣಿಯ ಅಂಗಿ ತೊಡಿಸಿಬಿಡುತ್ತಾರೆ. ಒಂದು ಹಿಡಿಗೆ ಮೂರೂವರೆ ಮೀಟರ್ ತಂತಿ, ನಲವತ್ತಾರು ಸಣ್ಣ ಮಣಿ, ತುದಿಯಲ್ಲಿ ಎರಡು ದಪ್ಪ ಗಾಜಿನ ಮಣಿ. ದಿನಕ್ಕೆ ಎಂಟು, ಕೈ ಹದವಾಗಿದ್ದರೆ ಒಂಬತ್ತು. ಹನ್ನೊಂದು ವರ್ಷದಿಂದ ಇದೇ ಕೆಲಸ. ಮುಗಿದ ಸೌಟನ್ನು ಕೈಗೆ ತೆಗೆದುಕೊಂಡು ನೋಡಿ, ತಂತಿಯ ಕೊನೆ ಎಲ್ಲಿದೆ ಅಂತ ನಾನಂತೂ ಹತ್ತು ನಿಮಿಷ ಹುಡುಕಿದೆ. ಸಿಕ್ಕಿದ್ದರೆ ತಾನೆ! ಹಿಡಿದವರ ಅಂಗೈಗೆ ಚುಚ್ಚದ ಹಾಗೆ ಅದನ್ನು ಮಣಿಯೊಳಗೇ ಅಡಗಿಸಿರುತ್ತಾರಂತೆ.

ಈ ತಂತಿಯ ಹುಚ್ಚು ಬಂದದ್ದು ಯಜಮಾನರಿಂದ. ಅವರು ಮೂವತ್ತು ವರ್ಷ ಮೋಟಾರ್ ವೈಂಡಿಂಗ್ ಮಾಡಿದವರು. ಸುಟ್ಟುಹೋದ ನೀರಿನ ಪಂಪು, ಮಿಕ್ಸಿ, ಫ್ಯಾನು, ಎಲ್ಲದರ ಹೊಟ್ಟೆ ಬಿಚ್ಚಿ ಹೊಸ ತಂತಿ ಸುತ್ತುವುದರಲ್ಲಿ ಎತ್ತಿದ ಕೈ. ಮದುವೆಯಾದ ಹೊಸತರಲ್ಲಿ ಊಟದ ಡಬ್ಬಿ ಕೊಡಲು ಹೋದ ಹೆಂಡತಿ ಅಂಗಡಿಯಲ್ಲೇ ಕೂತು ಎಣಿಕೆ ಕಲಿತರು. ಆಮೇಲೊಂದು ದಿನ ದೊಡ್ಡ ಮೋಟಾರೊಂದು ಜಾರಿ ಯಜಮಾನರ ಬಲ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಕೂಡಿಕೊಂಡಿತು, ಬೆರಳಿನ ಹಿಡಿತ ಮಾತ್ರ ವಾಪಸ್ ಬರಲಿಲ್ಲ. ಅಂಗಡಿಯ ಷಟರ್ ಇಳಿಯಿತು, ಉಳಿದ ತಂತಿಯ ಉಂಡೆಗಳು ಮನೆಯ ಮಂಚದ ಕೆಳಗೆ ಸೇರಿದವು. ಆ ವರ್ಷವೆಲ್ಲ ಅವರು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು ಎನ್ನುವಾಗ ಸೌಟಕ್ಕನ ದನಿ ಸಣ್ಣದಾಗುತ್ತದೆ.

ಅಂಥದ್ದೇ ಒಂದು ದಿನ ಅಡುಗೆಮನೆಯ ಸೌಟಿನ ಪ್ಲಾಸ್ಟಿಕ್ ಹಿಡಿ ಕಳಚಿ ಕೈ ಸುಟ್ಟಿತು. ಹೊಸದು ತರುವ ಮನಸ್ಸಿಲ್ಲದೆ ಮಂಚದ ಕೆಳಗಿನ ತಂತಿ ತೆಗೆದು ಹಿಡಿಗೆ ಸುತ್ತಿದರು. ಅತ್ತೆಯ ಹರಿದ ಸರದ ಮಣಿಗಳು ಡಬ್ಬಿಯಲ್ಲಿದ್ದವು, ಅವೂ ಸೇರಿಕೊಂಡವು. ಸಕ್ಕರೆ ಕೇಳಲು ಬಂದ ಎದುರುಮನೆಯಾಕೆ ಸಕ್ಕರೆ ಮರೆತು ಸೌಟು ಹಿಡಿದು ನಿಂತಳಂತೆ, ನನಗೊಂದು ಮಾಡಿಕೊಡು ಅಂತ. ಅಲ್ಲಿಂದ ಶುರು. ಕೊನೆಗೆ ಪೇಟೆಯ ಉಡುಗೊರೆ ಅಂಗಡಿಯೊಂದು ಮಾಲು ಕೊಳ್ಳತೊಡಗಿತು. ಆದರೆ ಡಬ್ಬದ ಮೇಲೆ ಅಂಗಡಿಯ ಚೀಟಿ, ಗಾಜಿನ ಬೀರುವಿನಲ್ಲಿ ಅಂಗಡಿಯ ಹೆಸರು. ಮಾಡಿದವರು ಯಾರೆಂದು ಕೇಳಿದರೆ ನಮ್ಮ ಕಾರ್ಖಾನೆಯದ್ದು ಅನ್ನುತ್ತಿದ್ದರಂತೆ ಆ ಅಂಗಡಿಯವರು. ಕಾರ್ಖಾನೆ ಅಂದರೆ ಈ ಚಾಪೆ, ಈ ಅಜ್ಜಿ, ಈ ಕಿಟಕಿ. ಕೇಳಿ ನನಗೆ ಮೈಯೆಲ್ಲ ಉರಿಯಿತು, ಸೌಟಕ್ಕ ಮಾತ್ರ ನಗುತ್ತಾರೆ.

ಈ ಸಲದ ಸಂಭ್ರಮವೇ ಬೇರೆ. ಊರಿನ ದೊಡ್ಡ ಔತಣದ ಹಾಲ್ ಒಂದರ ಅಡುಗೆ ವಿಭಾಗದ ಮುಖ್ಯಸ್ಥೆ ಯಾರದೋ ಮನೆಯಲ್ಲಿ ಇವರ ಸೌಟು ನೋಡಿ, ವಿಳಾಸ ಪತ್ತೆ ಮಾಡಿಕೊಂಡು ತಾವೇ ಮೂರು ಮಹಡಿ ಹತ್ತಿ ಬಂದಿದ್ದರು. ಎಪ್ಪತ್ತೆರಡು ಸೌಟು, ನೇರವಾಗಿ ಸೌಟಕ್ಕನ ಕೈಯಿಂದ, ನಡುವೆ ಯಾವ ಅಂಗಡಿಯೂ ಇಲ್ಲ. ಇಂದು ಸಂಜೆ ನಾಲ್ಕಕ್ಕೆ ತಲುಪಿಸಬೇಕು, ಆರಕ್ಕೆ ಔತಣ. ಒಪ್ಪಿಗೆಯಾದರೆ ಮುಂದೆಯೂ ಕೆಲಸ ಇವರಿಗೇ. ವಾಪಸ್ ಬಂದರೆ? ಈ ಆರ್ಡರ್ ಹಿಡಿದಾಗಲೇ ಅಂಗಡಿಯವರ ಜೊತೆ ಮಾತು ಮುರಿದಿದೆ. ನಿನ್ನ ಕೈಲಿ ಆಗೋದಲ್ಲ, ನಾಳೆ ಇಲ್ಲಿಗೇ ಬರ್ತೀಯ ಅಂದಿದ್ದರಂತೆ ಅವರು. ಆ ಮೆಟ್ಟಿಲು ಮತ್ತೆ ಹತ್ತುವುದೊಂದು ಬೇಡ ಎನ್ನುತ್ತಾರೆ ಸೌಟಕ್ಕ.

ನಾನು ಬಂದಾಗ ಸುತ್ತುತ್ತಿದ್ದದ್ದು ಎಪ್ಪತ್ತೆರಡನೆಯದು, ಕೊನೆಯದು. ಅದನ್ನೂ ಒಂದು ಆಳವಾದ ಪಾತ್ರೆಯಲ್ಲಿ ನಿಲ್ಲಿಸಿ ನೋಡಿ, ಸರಿ ಅಂದರು. ಹನ್ನೊಂದು ವರ್ಷದಿಂದ ಇದೇ ಪಾತ್ರೆಯಲ್ಲಿ ಪರೀಕ್ಷೆ, ಇದುವರೆಗೆ ಒಂದೂ ಫೇಲಾಗಿಲ್ಲ.

ಇನ್ನು ನನ್ನ ಪ್ರತಾಪ ಕೇಳಿ. ಫೋಟೋ ಚೆನ್ನಾಗಿ ಬರಲಿ ಅಂತ ನಾನೇ ಹಾಲ್‌ನವರಿಗೆ ದುಂಬಾಲು ಬಿದ್ದು, ಅವರು ಬಡಿಸಲು ಬಳಸುವ ಪಾತ್ರೆಯೊಂದನ್ನು ಹಿಂದಿನ ದಿನವೇ ತಂದಿಟ್ಟುಕೊಂಡಿದ್ದೆ. ಅಗಲವಾದ, ತಟ್ಟೆಗಿಂತ ಸ್ವಲ್ಪವೇ ಆಳವಾದ ಹೊಳೆಯುವ ಪಾತ್ರೆ. ಕಿಟಕಿಯ ಬೆಳಕಿಗೆ ಇಟ್ಟು, ಇದರಲ್ಲೊಂದು ಸೌಟು ಇಡಿ ಅಕ್ಕಾ ಅಂದೆ. ಇಟ್ಟರು. ನಾನು ಕ್ಯಾಮೆರಾ ಎತ್ತುವಷ್ಟರಲ್ಲಿ ಹಿಡಿ ಕೆಳಗೆ, ಬಟ್ಟಲು ಮೇಲೆ, ಟಣ್ ಎಂದು ಸೌಟು ನೆಲಕ್ಕೆ. ಸರಿಯಾಗಿ ಇಟ್ಟಿಲ್ಲವೇನೋ ಅಂತ ಮತ್ತೆ ಇಟ್ಟರು. ಟಣ್. ಇನ್ನೊಂದು. ಅದೂ ಟಣ್. ಹತ್ತು ಸೌಟು ಇಟ್ಟರೂ ಹತ್ತೂ ನೆಲ ಕಂಡವು. ಆಳದ ಪಾತ್ರೆಯಲ್ಲಿ ಹಿಡಿ ಅಂಚಿಗೆ ಒರಗಿ ನಿಲ್ಲುತ್ತಿತ್ತು. ಈ ಅಗಲದ ಪಾತ್ರೆಯಲ್ಲಿ ಅರ್ಧಕ್ಕರ್ಧ ಹಿಡಿ ಹೊರಗೆ ಚಾಚಿ, ತುದಿಯ ಗಾಜಿನ ಮಣಿಗಳ ಭಾರಕ್ಕೆ ಮಗುಚುತ್ತಿತ್ತು.

ಗಂಟೆ ಏಳು. ಸೌಟಕ್ಕ ಗೋಡೆಗೆ ತಲೆ ಆನಿಸಿ ಕೂತುಬಿಟ್ಟರು. "ಸುತ್ತು ಎಣಿಸಿದೆ, ಮಣಿ ಎಣಿಸಿದೆ. ಅವರ ಪಾತ್ರೆ ಹೇಗಿದೆ ಅಂತ ಒಂದು ಮಾತು ಕೇಳ್ಲಿಲ್ಲ ನಾನು." ಔತಣದ ಬಟ್ಟೆ ತೊಟ್ಟ ಅತಿಥಿಗಳ ಮೇಲೆ ರಸ ಚೆಲ್ಲಿ ಸೌಟುಗಳು ಒಂದರ ಹಿಂದೆ ಒಂದು ಉರುಳುವ ದೃಶ್ಯ ನನ್ನ ಕಣ್ಣ ಮುಂದೆ ಬಂತು. ಮಣಿ ಕಿತ್ತು ಹಾಕಿಬಿಡಿ ಅಂತ ನಾನು ಪುಕ್ಕಟೆ ಸಲಹೆ ಕೊಟ್ಟರೆ ಅಜ್ಜಿ ನನ್ನನ್ನು ದುರುಗುಟ್ಟಿ ನೋಡಿದರು. ಆ ಮಣಿ ನೋಡಿಯೇ ಅಲ್ಲವೆ ಆ ಮುಖ್ಯಸ್ಥೆ ಮೂರು ಮಹಡಿ ಹತ್ತಿದ್ದು?

ಆಗ ಬಾಯಿಬಿಟ್ಟವರು, ಇಷ್ಟು ಹೊತ್ತೂ ಚಹಾ ಲೋಟ ಹಿಡಿದು ನೋಡುತ್ತಿದ್ದ ಯಜಮಾನರು. ಎಡಗೈಯಲ್ಲಿ ಸೌಟೊಂದನ್ನು ಎತ್ತಿ ಪಾತ್ರೆಯ ಅಂಚಿನ ಮೇಲೆ ತೂಗಿಸುತ್ತಾ, "ಫ್ಯಾನ್ ವಾಲಾಡಿದ್ರೆ ರೆಕ್ಕೆ ಕತ್ತರಿಸ್ತೀವೇನೇ? ಭಾರ ತೆಗೀಬೇಡ, ಜಾಗ ಬದಲಾಯಿಸು," ಅಂದರು.

ಸೌಟಕ್ಕ ಎದ್ದು ಕೂತರು. ನೋಡಬೇಕಿತ್ತು ಆ ಮುಖ! ಇಕ್ಕಳದಿಂದ ತುದಿಯ ಎರಡು ಮಣಿ ಬಿಡಿಸಿದರು, ಹಿಡಿಯುದ್ದಕ್ಕೂ ಮೇಲೆ ಕೆಳಗೆ ಹಿಡಿದು ನೋಡಿದರು. ಒಂದು ಕಡೆ ಕಟ್ಟಿದರೆ ಕೈಗೆ ಅಡ್ಡ, ಇನ್ನೊಂದು ಕಡೆ ಕಟ್ಟಿದರೆ ರಸದಲ್ಲಿ ಮುಳುಗುತ್ತವೆ. ಐದು ಸಲ ಕಟ್ಟಿ ಐದು ಸಲ ಬಿಚ್ಚಿದರು. ಆರನೇ ಸಲ ಹಿಡಿಯ ಅಡಿಭಾಗದಲ್ಲಿ, ಪಾತ್ರೆಯ ಅಂಚಿನ ಹೊರಮೈಗೆ ತಾಗುವ ಹಾಗೆ ಎರಡೂ ಮಣಿ ಜೋಡಿಸಿ ಕೂರಿಸಿದರು. ಸೌಟು ಇಟ್ಟು ಕೈ ಬಿಟ್ಟರು. ನಿಂತಿತು. ಪಾತ್ರೆ ಅಲ್ಲಾಡಿಸಿದರೂ ನಿಂತಿತು. ಅಷ್ಟೇ ಅಲ್ಲ, ಮಣಿ ಅಂಚಿಗೆ ಕಚ್ಚಿಕೊಂಡು ಸೌಟು ಪಾತ್ರೆಯೊಳಗೆ ಜಾರುವುದೂ ತಪ್ಪಿತು. ಸೌಟು ಮುಳುಗಿ ಬೆರಳಲ್ಲಿ ತಡಕಾಡುವ ಪಾಡು ಯಾರಿಗೆ ಗೊತ್ತಿಲ್ಲ ಹೇಳಿ? ನಾನು ಚಪ್ಪಾಳೆ ತಟ್ಟಿಯೇ ಬಿಟ್ಟೆ.

ಒಂದಕ್ಕೆ ಆರು ನಿಮಿಷ, ಎಪ್ಪತ್ತೆರಡಕ್ಕೆ ಏಳು ಗಂಟೆ ಹನ್ನೆರಡು ನಿಮಿಷ ಎಂದು ಯಜಮಾನರು ಬಾಯಿಲೆಕ್ಕ ಹೇಳಿದಾಗ ಗಡಿಯಾರದಲ್ಲಿ ಎಂಟೂಕಾಲು. ಮುಂದೆ ನಡೆದದ್ದು ಸಂದರ್ಶನವಲ್ಲ, ಸಮರ. ಯಜಮಾನರು ಸೌಟನ್ನು ಮೊಣಕಾಲ ನಡುವೆ ಇರುಕಿಸಿ ಎಡಗೈಯಿಂದ ಮಣಿ ಬಿಡಿಸುತ್ತಾರೆ. ಅಜ್ಜಿ ತಂತಿ ತುಂಡು ಮಾಡಿ ಮಣಿಗೆ ಪೋಣಿಸುತ್ತಾರೆ. ಕಣ್ಣು ಮಂಜಾದರೂ ಬೆರಳು ಮಂಜಾಗಿಲ್ಲ. ಸೌಟಕ್ಕ ಕಟ್ಟುತ್ತಾರೆ. ನನಗೂ ಒಂದು ಕೊಟ್ಟರು. ಅರ್ಧ ಗಂಟೆ ಹೆಣಗಿ ನಾನು ಕಟ್ಟಿದ್ದನ್ನು ಅಜ್ಜಿ ಒಮ್ಮೆ ಸವರಿ, ಇದರಲ್ಲಿ ಬಡಿಸಿದರೆ ಊಟಕ್ಕಿಂತ ಮೊದಲು ಬ್ಯಾಂಡೇಜ್ ಬೇಕಾದೀತು ಎಂದು ತಳ್ಳಿಹಾಕಿದರು. ಆಮೇಲೆ ನನಗೆ ಸಿಕ್ಕ ಹುದ್ದೆ, ಮುಗಿದ ಸೌಟು ಒರೆಸಿ ಡಬ್ಬಕ್ಕೆ ಜೋಡಿಸುವುದು. ಅಷ್ಟರಲ್ಲಿ ನಾನು ಮೇಡಂ ಅನ್ನುವುದರಿಂದ "ಏನಮ್ಮಾ, ಆ ಬಟ್ಟೆ ಕೊಡು" ಅನ್ನುವ ಮಟ್ಟಕ್ಕೆ ಇಳಿದಿದ್ದೆ, ಅಥವಾ ಏರಿದ್ದೆ. ಊಟವೂ ಇಲ್ಲ. ಅಜ್ಜಿ ನಡುವೆ ಒಂದೊಂದು ಬಾಳೆಹಣ್ಣು ಸುಲಿದು ಎಲ್ಲರ ಬಾಯಿಗೆ ತುರುಕುತ್ತಿದ್ದರು. ಮೂರೂವರೆಗೆ ಐದು ನಿಮಿಷ ಇರುವಾಗ ಕೊನೆಯ ಸೌಟು ನೆಲಕ್ಕೆ ಬಡಿಯಿತು. ಟಕ್, ಟಕ್. ನಾವು ಮೆಟ್ಟಿಲು ಇಳಿದದ್ದಲ್ಲ, ಉರುಳಿದ್ದು.

ಹಾಲ್‌ನ ಅಡುಗೆಮನೆ ಒಂದು ಸಣ್ಣ ಊರಿನಷ್ಟಿದೆ. ಮುಖ್ಯಸ್ಥೆ ಡಬ್ಬ ತೆರೆದು ಒಂದು ಸೌಟು ಎತ್ತಿದ ಕೂಡಲೇ ಅವರ ಹುಬ್ಬು ಗಂಟಾಯಿತು. ತಾವು ಒಪ್ಪಿದ ಮಾದರಿಯಲ್ಲಿ ಮಣಿ ತುದಿಯಲ್ಲಿತ್ತಲ್ಲ ಅಂದರು. ಸುಳ್ಳೊಂದು ಹೇಳಬಹುದಿತ್ತು, ಇದು ಹೊಸ ಡಿಸೈನು ಅಂತ. ನಾನಾಗಿದ್ದರೆ ಹೇಳಿಯೂ ಬಿಡುತ್ತಿದ್ದೆ.

"ಅದು ನಿಮ್ಮ ಪಾತ್ರೆಯಲ್ಲಿ ನಿಲ್ತಿರಲಿಲ್ಲ. ತಪ್ಪು ನಂದು, ಬೆಳಗ್ಗೆ ಗೊತ್ತಾಯ್ತು. ಎಲ್ಲಾನೂ ಬಿಚ್ಚಿ ಕಟ್ಟಿದೀನಿ," ಎಂದರು ಸೌಟಕ್ಕ.

ಮುಖ್ಯಸ್ಥೆ ಅವರನ್ನೂ ಸೌಟನ್ನೂ ನೋಡಿ, ಮೇಜಿಗೆ ಇಡಿಸೋಣ ಅಂದರು. ಆದರೆ ಒಂದು ಷರತ್ತು. ಅತಿಥಿಗಳೇ ಬಡಿಸಿಕೊಳ್ಳುವ ಊಟ ಇದು. ಒಂದೇ ಒಂದು ಸೌಟು ಬಿದ್ದರೂ ಎಪ್ಪತ್ತೆರಡೂ ಡಬ್ಬಕ್ಕೆ ವಾಪಸ್.

ಆರು ಗಂಟೆ. ಅಡುಗೆಮನೆಯಿಂದ ಊಟದ ಕೋಣೆಗೆ ತೆರೆಯುವ ಬಾಗಿಲಿನ ಹಿಂದೆ ನಾವು ನಾಲ್ವರು ಸಾಲಾಗಿ ನಿಂತಿದ್ದೇವೆ. ಅಜ್ಜಿಗೆ ಮಾತ್ರ ಯಾರೋ ಪುಣ್ಯಾತ್ಮರು ಸ್ಟೂಲ್ ಕೊಟ್ಟಿದ್ದಾರೆ. ಒಳಗೆ ಇನ್ನೂರು ಜನ. ನಾವು ನೋಡುತ್ತಿಲ್ಲ, ಕಿವಿಗೊಟ್ಟು ಕೇಳುತ್ತಿದ್ದೇವೆ. ತಟ್ಟೆಯ ಸದ್ದು, ನಗು, ಕುರ್ಚಿ ಎಳೆದ ಸದ್ದು. ಹದಿನೈದು ನಿಮಿಷ ಕಳೆದಿರಬಹುದು, ಟಣ್! ಸೌಟಕ್ಕ ಯಜಮಾನರ ತೋಳು ಹಿಡಿದುಕೊಂಡರು, ಅದೂ ಆ ಬಲದ ತೋಳನ್ನೇ. ಬಾಗಿಲು ತಳ್ಳಿಕೊಂಡು ಬಂದ ಕೆಲಸದವನ ಕೈಯಲ್ಲಿ ಇದ್ದದ್ದು ಪಾತ್ರೆಯ ಮುಚ್ಚಳ. ಕೈ ಜಾರಿತು ಅಂತ ಅವನು ನಮಗೇ ಕ್ಷಮೆ ಕೇಳಿದ. ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ.

ಎಂಟಕ್ಕೆ ಸ್ವಲ್ಪ ಮೊದಲು ಮುಖ್ಯಸ್ಥೆ ಬಂದರು. ಒಂದೂ ಬಿದ್ದಿಲ್ಲವಂತೆ. ಒಂದೂ ಮುಳುಗಿಲ್ಲವಂತೆ. ಮಗು ಎತ್ತಿಕೊಂಡ ತಾಯಿಯೊಬ್ಬರು ಒಂದೇ ಕೈಯಲ್ಲಿ ಬಡಿಸಿಕೊಂಡು, ಸೌಟು ಬಿಟ್ಟು, ಆರಾಮಾಗಿ ಹೋದರಂತೆ. ಹೊಗಳಿಕೆಯ ಭಾಷಣ ಮಾಡುವವರಲ್ಲ ಅವರು, ನೇರ ವಿಷಯಕ್ಕೆ ಬಂದರು. ಪೇಟೆಯ ಆ ಕಡೆ ಇನ್ನೊಂದು ಹಾಲ್ ಎರಡು ತಿಂಗಳಲ್ಲಿ ತೆರೆಯುತ್ತದೆ. ಅಲ್ಲಿಗೆ ನೂರೈವತ್ತು ಬೇಕು, ನಾಳೆಯಿಂದಲೇ ಶುರು ಮಾಡಿದರೆ ಆದೀತಲ್ಲ ಅಂದರು.

ಅಜ್ಜಿ ಸ್ಟೂಲಿನಿಂದ ಎದ್ದು ನಿಂತರು. ಯಜಮಾನರು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ನಾನಂತೂ ಅಕ್ಕನಿಗಿಂತ ಮೊದಲು ಆಗುತ್ತೆ ಅಂತ ಹೇಳಿಯೇ ಬಿಡುವವಳಿದ್ದೆ. ಸೌಟಕ್ಕ ಕೈಯೆತ್ತಿ ನನ್ನನ್ನು ತಡೆದರು. ಹೊಟ್ಟೆಗೆ ಎರಡು ಬಾಳೆಹಣ್ಣು ಬಿಟ್ಟರೆ ಏನಿಲ್ಲ, ಬೆರಳುಗಳ ತುದಿಯೆಲ್ಲ ಕೆಂಪು, ಆದರೂ ಮುಖ ಮಾತ್ರ ಹೊಳೆಯುತ್ತಿತ್ತು.

"ನಾಳೆಯಿಂದ ಬೇಡ," ಎಂದರು. "ಮೊದ್ಲು ಅಲ್ಲಿನ ಪಾತ್ರೆ ಒಂದು ಕಳಿಸಿಕೊಡಿ. ನೋಡಿ ಹೇಳ್ತೀನಿ."