ಪೇಟಿ ನಂದಕ್ಕನ ತೀರ್ಪು

ಬನಹಟ್ಟಿಯ ನಂದಕ್ಕ ಹಗಲು ಪಾವರ್‌ಲೂಮ್ ನಡೆಸುತ್ತಾಳೆ, ಸಂಜೆ ಪೇಟಿ ನುಡಿಸುತ್ತಾಳೆ. ಮದುವೆಯಾಗಿ ಬಂದ ವರ್ಷ, ಮಾವ ಶಂಕರೆಪ್ಪನ ಹಾರ್ಮೋನಿಯಂ ಪೇಟಿ ಒರೆಸುವ ನೆಪದಲ್ಲಿ ಕದ್ದು ನಾಲ್ಕು ಸ್ವರ ಒತ್ತಿದ್ದಳು. ಅದು ಕೇಳಿದ ಮಾವ, ಬೈಗುಳಕ್ಕೆ ಕಾದವಳ ಎದುರು ಚಕ್ಕಳಮಕ್ಕಳ ಹಾಕಿ ಕೂತು ಸರಿಗಮ ಹೇಳಿಕೊಟ್ಟ. ಈಗ ಸುತ್ತಲಿನ ಊರುಗಳ ಗಾಯಕರಿಗೆ ಪೇಟಿ ಸಾಥ್ ಕೊಡುವವಳು ಎಂದರೆ ಅವಳೇ.

ಕಳೆದ ಶ್ರಾವಣದಲ್ಲಿ ಮುಧೋಳದ ಕಾರ್ಯಕ್ರಮಕ್ಕೆ ತಾಲೀಮು ಮಾಡಲು ಇಬ್ಬರು ಅವಳ ಮನೆಗೆ ಬಂದರು. ಒಬ್ಬ ದಾಸರ ಪದ ಹಾಡುವ ಸಾವಳಗಿಯ ರೈತ ಚನಮಲ್ಲಪ್ಪ, ಇನ್ನೊಬ್ಬ ಹಿಂದೂಸ್ತಾನಿ ಖಯಾಲ ಹಾಡುವ ಸಂಗೀತದ ಮಾಸ್ತರ ಗೌರೀಶ. ಬಂದವರು ಹಾಡಲಿಲ್ಲ, ವಾದಕ್ಕೆ ಕೂತರು.

“ಹಾಡು ಕಟ್ಟೂದ್ರಾಗ ದಾಸರನ್ನ ಮೀರಿಸಿದಾವ್ರು ಯಾರದಾರ?” ಎಂದ ಚನಮಲ್ಲಪ್ಪ.

“ಖಯಾಲದ ಚೀಜು ಕಟ್ಟಿದ ಹಳೇ ಉಸ್ತಾದರನ್ನ ಮರತ್ರೇನ್ರಿ ಕಾಕಾ? ಎರಡ ಸಾಲಿನ್ಯಾಗ ಇಡೀ ರಾಗ ನಿಲ್ಲಸ್ಯಾರ!” ಚೀಜು ಎಂಬ ಪುಟ್ಟ ರಚನೆಗಳ ಪರ ನಿಂತ ಗೌರೀಶ.

“ಎರಡ ಸಾಲು ಯಾರ ಬೇಕಾದ್ರೂ ಬರೀತಾರ ತಗೀ.”

ಚಹಾ ಆರಿತು, ತಾಲೀಮು ಶುರುವಾಗಲಿಲ್ಲ. ಕೊನೆಗೆ ಯಾರು ದೊಡ್ಡವರೆಂದು ನೀನೇ ಹೇಳು ಎಂದು ಇಬ್ಬರೂ ನಂದಕ್ಕನ ಕಡೆ ತಿರುಗಿದರು.

“ಕಾಕಾ, ನೀವು ಮಾಸ್ತರರ ಚೀಜು ಕಲೀರಿ. ಮಾಸ್ತರ, ನೀವು ಕಾಕಾನ ದಾಸರ ಪದ ಕಲೀರಿ. ಮುಧೋಳದಾಗ ಅವನ್ನ ಹಾಡ್ರಿ. ಆಮ್ಯಾಲ ಹೇಳ್ತೇನಿ,” ಎಂದಳು. ಹೇಗಾದರೂ ಹಾಡಲು ಶುರುಮಾಡಲಿ ಎಂಬುದಷ್ಟೇ ಅವಳ ಆಸೆ.

ಮರುದಿನದಿಂದ ಚನಮಲ್ಲಪ್ಪ ಕಬ್ಬಿನ ಹೊಲದಿಂದಲೇ ಫೋನು ಮಾಡತೊಡಗಿದ. “ನಂದವ್ವಾ, ಈ ಗಾಂಧಾರದ ಮ್ಯಾಲ ಎಷ್ಟ ಹೊತ್ತು ನಿಲ್ಲೂದು?” ದಾಸರ ಪದವೆಂದರೆ ಸಲೀಸು ಎಂದುಕೊಂಡಿದ್ದ ಗೌರೀಶನಿಗೆ ಮಾತು ಕೂಡಿಸಿದರೆ ತಾಳ ತಪ್ಪುತ್ತಿತ್ತು, ತಾಳ ಹಿಡಿದರೆ ಭಾವ ಜಾರುತ್ತಿತ್ತು.

ಮುಧೋಳದಲ್ಲಿ ಚನಮಲ್ಲಪ್ಪ ಎರಡೇ ಸಾಲನ್ನು ಕಣ್ಣುಮುಚ್ಚಿ ಅರ್ಧ ತಾಸು ಹಾಡಿದ. ಸಂಘಟಕರು ಕೆಮ್ಮಿದರೂ ಏಳಲಿಲ್ಲ. ಗೌರೀಶನಂತೂ ಕೊನೆಯ ಚರಣದ ನಡುವೆ ಹಾಡು ನಿಲ್ಲಿಸಿ ಅತ್ತೇಬಿಟ್ಟ. ನಂದಕ್ಕ ಷಡ್ಜವನ್ನು ಬಿಡದೆ ಹಿಡಿದು ಕಾದಳು. ಅವನು ಕಣ್ಣೊರೆಸಿಕೊಂಡು ಮತ್ತೆ ಅದೇ ಸ್ವರಕ್ಕೆ ಬಂದು ಸೇರಿದಾಗ ಅವಳ ಕಣ್ಣೂ ತುಂಬಿತ್ತು.

ವಾಪಸ್ಸು ಬರುವ ಬಸ್ಸಿನಲ್ಲಿ ಚನಮಲ್ಲಪ್ಪ ಮೆಲ್ಲಗೆ ಹೇಳಿದ: “ಮಾಸ್ತರ, ಖರೆ ಹೇಳ್ತೇನಿ, ನಿಮ್ಮ ಉಸ್ತಾದರ ದೊಡ್ಡಾವ್ರು.”

“ಛೇ, ಇಲ್ರಿ ಕಾಕಾ! ದಾಸರ ದೊಡ್ಡಾವ್ರು!”

“ಏ, ಎರಡ ಸಾಲಿನ್ಯಾಗ ಇಡೀ ರಾಗ ನಿಲ್ಲಸ್ಯಾರ್ರಿ ಮಾಸ್ತರ!”

ಮಹಾಲಿಂಗಪುರ ದಾಟಿದರೂ ವಾದ ನಿಲ್ಲಲಿಲ್ಲ, ತೀರ್ಪು ಕೇಳುವುದು ಇಬ್ಬರಿಗೂ ನೆನಪಾಗಲಿಲ್ಲ. ಹಿಂದಿನ ಸೀಟಿನಲ್ಲಿ ನಂದಕ್ಕ ಸೆರಗು ಬಾಯಿಗೊತ್ತಿ ನಕ್ಕೂ ನಕ್ಕೂ ಸುಸ್ತಾದಳು.