ಆರನೆಯ ಖಾನೆಯ ದಾರ

ನಿನ್ನೆ ಮಧ್ಯಾಹ್ನ, ಹೆಂಡತಿ ಪಕ್ಕದ ಮನೆಗೆ ಹೋದ ಹೊತ್ತು ನೋಡಿ, ಅಡಿಗೆಮನೆಯ ಕಪಾಟಿನಲ್ಲಿ ಕರದಂಟಿನ ಡಬ್ಬಿ ತಡಕುತ್ತಿದ್ದೆ. ಸಕ್ಕರೆ ಕಾಯಿಲೆಯವನು ಹೀಗೆ ತಡಕುವುದು ತಪ್ಪು, ಒಪ್ಪಿದೆ. ನೀವು ಯಾರಿಗೂ ಹೇಳುವವರಲ್ಲ ಎಂಬ ಧೈರ್ಯ ನನಗೆ. ಡಬ್ಬಿ ಸಿಗಲಿಲ್ಲ. ನಂಬರಿನ ಚೀಟಿ ಕಟ್ಟಿದ ಕೆಂಪು ರೇಷ್ಮೆ ದಾರಗಳ ಕಂತೆಯೊಂದು ಕೈಗೆ ಬಂತು.

ನಾವು ಹಳೇ ಬಾಗಲಕೋಟೆಯಿಂದ ನವನಗರಕ್ಕೆ ಮನೆ ಬದಲಿಸಿದಾಗಿನ ದಾರಗಳವು. ಅವ್ವನಿಗೆ ಆಗಲೇ ಕಣ್ಣು ಪೂರಾ ಹೋಗಿತ್ತು. ಆದರೂ ಅಡಿಗೆ ಅವಳದೇ. ಯಾವ ಡಬ್ಬಿ ಎಲ್ಲಿದೆ ಎಂಬುದು ಅವಳ ಕೈಗೆ ಗೊತ್ತು. "ಹೊಸ ಮನ್ಯಾಗ ಉಪ್ಪು ಹುಡುಕೂದು ಬಂತಂದ್ರ ನಾ ಮೂಲ್ಯಾಗ ಕುಂತು ಉಣ್ಣೂ ಮುದುಕಿ ಆಗ್ತೇನಿ. ನಾ ಬರೂದಿಲ್ಲ," ಎಂದು ಹಟ ಹಿಡಿದಳು. ಆ ಮೂಲೆಯ ಭಯ ಅವಳಿಗೆ ಸಾವಿನ ಭಯಕ್ಕಿಂತ ದೊಡ್ಡದಾಗಿತ್ತು.

ನನ್ನ ಅಣ್ಣ ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ ಕಲಿಸುತ್ತಿದ್ದ. "ಕರ್ನಲ್ ಹೆಂಗ ಮಾಡ್ತೈತಿ ಗೊತ್ತೈತೇನಲೇ?" ಎಂದು ನನ್ನನ್ನು ಹಿಡಿದು ಕೂರಿಸಿದ. ಕರ್ನಲ್ ಎಂದರೆ ಕಂಪ್ಯೂಟರಿನ ಒಳಗಿನ ಯಜಮಾನನಂತೆ. ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆಯೇ ಅದರ ಮೆಮೊರಿಯನ್ನು ಇನ್ನೊಂದು ಯಂತ್ರಕ್ಕೆ ಸಾಗಿಸಬೇಕಾದರೆ, ಅವನು ಮೊದಲು ಮೆಮೊರಿಯ ಎಲ್ಲ ಪುಟಗಳನ್ನೂ ನಕಲು ಮಾಡುತ್ತಾನೆ. ಅಷ್ಟರಲ್ಲಿ ಯಾವ ಪುಟ ಬದಲಾಯಿತೋ ಅದಕ್ಕೆ 'ಡರ್ಟಿ' ಎಂದು ಗುರುತು ಹಾಕಿ, ಅಷ್ಟನ್ನೇ ಮತ್ತೆ ನಕಲು ಮಾಡುತ್ತಾನೆ.

"ನನ್ನ ಅಡಿಗಿಮನಿ ಡರ್ಟಿ ಅಂತಿಯೇನೋ?" ಎಂದಳು ಒಳಗಿಂದ ಅವ್ವ.

ಅಣ್ಣ ಕೇಳುವವನಲ್ಲ. ಇಳಕಲ್ಲಿನ ಸೋದರಮಾವನ ಮನೆಯಿಂದ ರೇಷ್ಮೆ ಎಳೆ ತಂದು ಕಪಾಟಿನ ಹನ್ನೆರಡು ಖಾನೆಗಳಿಗೂ ಅಡ್ಡ ಕಟ್ಟಿದ. ಕೈ ಹಾಕಿದರೆ ಎಳೆ ಹರಿಯಬೇಕು. ಸಂಜೆ ಎಳೆ ಹರಿದ ಖಾನೆಗಳನ್ನಷ್ಟೇ ಅಳೆದು, ನವನಗರಕ್ಕೆ ಸೈಕಲ್ ತುಳಿದು, ಹೊಸ ಕಪಾಟಿನಲ್ಲಿ ಡಬ್ಬಿಗಳ ಜಾಗಕ್ಕೆಂದು ಬರೆದ ಸೀಮೆಸುಣ್ಣದ ವೃತ್ತಗಳನ್ನು ತಿದ್ದಿ ಬರುತ್ತಿದ್ದ. ಮೊದಲ ವಾರ ದಿನಾ ಎಳೆ ಹರಿದವು, ಅಣ್ಣ ದಿನಾ ಹೊಸದು ಕಟ್ಟಿದ. ಎರಡನೆಯ ವಾರ ಒಂದೂ ಹರಿಯಲಿಲ್ಲ. ಅವ್ವ ಸ್ಥಿರವಾದಳೆಂದು ಅಣ್ಣ ಕಾಲೇಜಿನಲ್ಲಿ ಪೇಢೆ ಹಂಚಿದ. ಖಾನೆಗೆ ಕೈಯನ್ನೇ ಹಾಕದೆ ಅವ್ವ ದಿನಾ ಪಲ್ಯ ಹೇಗೆ ಮಾಡುತ್ತಿದ್ದಾಳೆ ಎಂದು ಕಾಲೇಜು ಮಾಸ್ತರನಾದ ಅಣ್ಣನಿಗೂ ಹೊಳೆಯಲಿಲ್ಲ, ಶಾಲೆ ಮಾಸ್ತರನಾದ ನನಗೂ ಹೊಳೆಯಲಿಲ್ಲ.

ಹೊಸ ಮನೆಯ ಮೊದಲ ಬೆಳಿಗ್ಗೆ ಅವ್ವ ಉಪ್ಪಿಗೆ ಕೈ ಚಾಚಿದಳು. ಸೋಡಾ ಸಿಕ್ಕಿತು. ಜೀರಿಗೆಗೆ ಚಾಚಿದಳು, ಸಾಬೂನು. ಕೈ ಹಿಂದಕ್ಕೆ ತಗೊಂಡು, "ಆತು ಬಿಡ್ರಪಾ. ಮೂಲಿ ಎಲ್ಲೈತಿ ತೋರಸ್ರಿ," ಎಂದಳು.

ಅಣ್ಣ ಸಾಕ್ಷಿಗೆಂದು ಬಿಚ್ಚಿ ತಂದಿದ್ದ ದಾರಗಳನ್ನು ಬೆಳಕಿಗೆ ಹಿಡಿದ. ಎಲ್ಲದರಲ್ಲೂ ಸಾಸಿವೆಗಿಂತ ಸಣ್ಣ ಗಂಟುಗಳು.

"ಅವ್ವಾ, ಇವನ್ನ ಯಾರು ಹಾಕಿದ್ರು?"

"ನಾನಽ. ದಿನಾ ಹೊಸಾ ರೇಷ್ಮಿ ಹಾಳಾಗೂದು ಒಂದು ವಾರ ತಡದೆ. ಹರದ ಎಳಿ ಹಂಗಽ ಬಿಡಾಕ ಬರ್ತೈತೇನೋ?"

ಇಳಕಲ್ಲಿನ ನೇಕಾರರ ಮನೆಯ ಮಗಳು ಅವಳು. ಹರಿದದ್ದು ಬೆರಳಿಗೆ ತಾಗಿದರೆ ಗಂಟು ತಾನಾಗಿ ಬೀಳುತ್ತಿತ್ತು. ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಅವ್ವ ಮಾತ್ರ, "ತಾ ಇಲ್ಲೆ," ಎಂದು ದಾರಗಳನ್ನು ಇಸಿದುಕೊಂಡಳು. ಗಂಟು ಸವರುತ್ತ, ಯಾವ ಖಾನೆಯಲ್ಲಿ ಯಾವ ಡಬ್ಬಿ ಸರಿಸಿದ್ದಳೆಂದು ಒಂದೊಂದಾಗಿ ಹೇಳಿ, ತಾನೇ ಜೋಡಿಸಿದಳು. ಮಧ್ಯಾಹ್ನದ ಊಟಕ್ಕೆ ಉಪ್ಪು ಸರಿಯಾಗಿತ್ತು.

ಆರನೆಯ ಖಾನೆಯ ದಾರ ಬಂದಾಗ ಮಾತ್ರ ಅವಳ ಬೆರಳು ತುಸು ನಿಂತಿತು. ಅದು ಕರದಂಟಿನ ಖಾನೆ. ಐದು ಗಂಟು.

"ಇದೂ ನಾನಽ. ಬಾಯಿ ಚಪಲ," ಎಂದಳು.

ಒಂದೂ ಹಲ್ಲಿಲ್ಲದ ಬಾಯಿ, ದವಡೆ ಮುರಿಯುವ ಕರದಂಟು! ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಅವ್ವ ಈಗಿಲ್ಲ. ನಿನ್ನೆ ಕಣ್ಣು ಮುಚ್ಚಿ ಆ ದಾರ ಸವರಿದೆ. ಐದು ಸಲ ಕದ್ದಿದ್ದೆ. ಐದು ಸಲವೂ ಅವಳು ಗಂಟು ಹಾಕಿ ನನ್ನ ಕಳ್ಳತನ ಮುಚ್ಚಿಟ್ಟಿದ್ದಳು. ನಾಚಿಕೆಯಾಯಿತು, ಅಳುವೂ ಬಂತು. ಅಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಈ ಗಂಟಿನ ಕಳ್ಳತನ ಅವ್ವಂದಲ್ಲ, ನಂದು," ಎಂದೆ.

"ಗೊತ್ತೈತ್ರಿ. ಅವಂಗ ಸಕ್ಕರಿ ಜಾಸ್ತಿ ಆದಾಗ ಡಬ್ಬಿ ಸರಿಸಿ ಅಲ್ಲೆ ದಾರ ಇಡು, ಅವನ ಕೈಗೆ ಅದಽ ಸಿಗ್ಲಿ ಅಂತ ಅತ್ತಿ ಹೇಳಿದ್ರು."

ಇನ್ನು ಕೈ ಹಾಕಿದರೆ ಗೊತ್ತಾಗಲಿ ಎಂದು ಆರನೆಯ ದಾರವನ್ನು ಖಾನೆಗೆ ಅಡ್ಡ ಕಟ್ಟಲು ಹೋದೆ. ಗಂಟು ಬರಲಿಲ್ಲ, ಹೆಂಡತಿ ಹಾಕಿಕೊಟ್ಟಳು.